ಕ್ಯಾಮರನ್ ಹೈಲ್ಯಾಂಡ್ಸ್ ರಟ್ಟಿನ ನಕ್ಷೆ: ಐದನೇ ವಾರ

ಈ ವಾರ ಅಡಿಹಲಗೆಯನ್ನೇ ದೊಡ್ಡದು ಮಾಡಬೇಕಾಯಿತು. ಹೋದ ವಾರ ಅದನ್ನು ಜಿಲ್ಲೆಯ ಗಡಿಗೆ ಸರಿಯಾಗಿ ಕೊಯ್ದಿದ್ದೆ.

ಹೊಸದಾಗಿ ಓದುತ್ತಿರುವವರಿಗೆ: ಮಲೇಷ್ಯಾದ ಪಹಾಂಗ್ ರಾಜ್ಯದ ಈ ಜಿಲ್ಲೆಯನ್ನು ಹಳೇ ರಟ್ಟಿನ ಪೆಟ್ಟಿಗೆಗಳಿಂದ ಪದರ ಪದರವಾಗಿ ಕಟ್ಟುತ್ತಿದ್ದೇನೆ. 1 ಕಿ.ಮೀ.ಗೆ 2 ಸೆಂ.ಮೀ., 100 ಮೀಟರ್ ಎತ್ತರಕ್ಕೆ 3 ಮಿ.ಮೀ. ದಪ್ಪದ ಒಂದು ರಟ್ಟು. ಲೆಕ್ಕಕ್ಕೆ 2 ಮಿ.ಮೀ. ಸಾಕಿತ್ತು, ಆದರೆ ಬೆಟ್ಟ ಬೆಟ್ಟದ ಹಾಗೇ ಕಾಣಬೇಕಲ್ಲ! ಜಿಲ್ಲೆಯ ವಿಸ್ತೀರ್ಣ ಸುಮಾರು 712 ಚದರ ಕಿ.ಮೀ.

ಊರುಗಳ ಜಾಗ ಗುರುತಾಗಿದೆ. ದಕ್ಷಿಣದಲ್ಲಿ ರಿಂಗ್ಲೆಟ್, ಅಲ್ಲಿಂದ ಹತ್ತಿದರೆ ತಾನಾ ರಾತಾ, ಇನ್ನೂ ಮೇಲೆ ಬ್ರಿಂಚಾಂಗ್, ಉತ್ತರಕ್ಕೆ ಕಂಪುಂಗ್ ರಾಜಾ. ಮಲಯ ಭಾಷೆಯಲ್ಲಿ ತಾನಾ ಅಂದರೆ ನೆಲ, ರಾತಾ ಅಂದರೆ ಸಮತಟ್ಟು. ಕೊಯ್ಯುವಾಗ ಆ ಹೆಸರಿನ ಅರ್ಥ ಕೈಗೇ ತಿಳಿಯಿತು: ಉಳಿದ ಕಡೆ ಪದರಗಳು ಒತ್ತೊತ್ತಾಗಿ ಮೆಟ್ಟಿಲು ಕಟ್ಟಿದರೆ ಇಲ್ಲಿ ಮಾತ್ರ ಒಂದು ಹಾಳೆ ಹಾಯಾಗಿ ಹರಡಿಕೊಳ್ಳುತ್ತದೆ.

ಟೀ ತೋಟಗಳಿಗೆ ಬಣ್ಣ ಬಳಿದು ನೋಡಿದೆ, ಸರಿಬರಲಿಲ್ಲ. ಆಮೇಲೆ ರಟ್ಟಿನ ಮೇಲಿನ ಕಾಗದಕ್ಕೆ ಒದ್ದೆ ಬಟ್ಟೆ ಒತ್ತಿ, ಉಗುರಿನಿಂದ ಮೆಲ್ಲಗೆ ಸುಲಿದೆ. ಒಳಗಿನ ಏರಿಳಿತದ ಸಾಲುಗಳು ಮೇಲೆದ್ದು ಬಂದವು. ಥೇಟ್ ಟೀ ಗಿಡದ ಸಾಲು! 1929ರಲ್ಲಿ ಶುರುವಾದ ಬೋ ಕಂಪನಿಯ ತೋಟಗಳಿಗೆ ಹೀಗೇ ಮಾಡಿದ್ದೇನೆ. ಸಾಲುಗಳು ಇಳಿಜಾರಿಗೆ ಅಡ್ಡವಾಗಿ ಬರುವಂತೆ ರಟ್ಟನ್ನು ತಿರುಗಿಸಿಕೊಂಡೇ ಕೊಯ್ಯಬೇಕು. ಮೂರು ತುಂಡು ಹಾಳಾದ ಮೇಲೆ ಗೊತ್ತಾಯಿತು.

ಇನ್ನು ಗಡಿಯ ವಿಷಯ. ಈ ನಕ್ಷೆಯಲ್ಲಿ ಮತಕ್ಷೇತ್ರವನ್ನೂ ತೋರಿಸಬೇಕೆಂಬುದು ಮೊದಲಿನಿಂದಲೂ ನನ್ನ ಆಸೆ. ಕ್ಯಾಮರನ್ ಹೈಲ್ಯಾಂಡ್ಸ್ ಸಂಸತ್ ಕ್ಷೇತ್ರ ಬೆಟ್ಟಕ್ಕೇ ನಿಲ್ಲುವುದಿಲ್ಲ. ಅದರೊಳಗೆ ಎರಡು ವಿಧಾನಸಭಾ ಸ್ಥಾನಗಳಿವೆ. ಮೇಲಿನ ಪಟ್ಟಣಗಳು ತಾನಾ ರಾತಾ ಸ್ಥಾನಕ್ಕೆ ಸೇರಿವೆ. ಜೆಲೈ ಸ್ಥಾನ ಪಕ್ಕದ ಲಿಪಿಸ್ ಜಿಲ್ಲೆಯ ತಗ್ಗಿನಲ್ಲಿದೆ. 2018ರಿಂದ ಪಹಾಂಗ್‌ನ ಮುಖ್ಯಮಂತ್ರಿಯಾಗಿರುವ ವಾನ್ ರೋಸ್ಡಿ ಗೆದ್ದಿರುವುದು ಜೆಲೈಯಿಂದಲೇ. ಅದನ್ನು ಬಿಟ್ಟರೆ ನಕ್ಷೆ ಅರ್ಧ ಸುಳ್ಳಾಗುತ್ತಿತ್ತು. ಪೂರ್ವಕ್ಕೆ ಹೊಸ ಹಲಗೆ ಜೋಡಿಸಿ, ಅದರ ಮೇಲೆ ತೆಳುವಾದ ಕೆಲವೇ ಪದರ ಹಾಕಿದ್ದೇನೆ.

ಈ ಕ್ಷೇತ್ರದ ಕಥೆ ನನ್ನನ್ನು ಬಹಳ ಹಿಡಿದಿಟ್ಟಿದೆ. 2004ರಿಂದ ಮಲೇಷಿಯನ್ ಇಂಡಿಯನ್ ಕಾಂಗ್ರೆಸ್ಸಿನವರೇ ಇಲ್ಲಿ ಗೆಲ್ಲುತ್ತಿದ್ದರು. 2018ರ ಫಲಿತಾಂಶವನ್ನು ನ್ಯಾಯಾಲಯ ರದ್ದು ಮಾಡಿತು. 2019ರ ಜನವರಿ 26ರ ಉಪಚುನಾವಣೆಯಲ್ಲಿ ರಾಮ್ಲಿ ಮೊಹಮ್ಮದ್ ನೂರ್ ಗೆದ್ದರು. ಆ ದೇಶದ ಕೆಳಮನೆಗೆ ಆಯ್ಕೆಯಾಗಿ ಬಂದ ಮೊದಲ ಒರಾಂಗ್ ಅಸ್ಲಿ ಅವರು. ಒರಾಂಗ್ ಅಸ್ಲಿ ಅಂದರೆ ಆ ನೆಲದ ಮೂಲ ಜನ. ಎಲ್ಲರಿಗಿಂತ ಮೊದಲು ಅಲ್ಲಿದ್ದವರು ಸಂಸತ್ತಿಗೆ ಗೆದ್ದು ಬರಲು 2019ರವರೆಗೆ ಕಾಯಬೇಕಾಯಿತು. ಅವರ ಹಳ್ಳಿಗಳನ್ನೂ ಪಟ್ಟಣಗಳಷ್ಟೇ ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ.

ಮುಂದಿನ ವಾರ ನೀರಿನ ಕೆಲಸ. ಬೆರ್ತಾಮ್ ನದಿಗೆ ರಿಂಗ್ಲೆಟ್ ಬಳಿ ಅಣೆಕಟ್ಟಿದೆ. ಅಲ್ಲಿಂದ ನೀರು ಸುರಂಗದಲ್ಲಿ ಹರಿದು, ಪಕ್ಕದ ಪೇರಾಕ್ ರಾಜ್ಯದಲ್ಲಿ ವಿದ್ಯುತ್ ಉತ್ಪಾದಿಸುತ್ತದೆ. ತಾಪಾದಿಂದ ಹತ್ತಿಬರುವ ಹಳೆಯ ರಸ್ತೆಯೂ ಪೇರಾಕ್ ಕಡೆಯದೇ. 2013ರ ಅಕ್ಟೋಬರಿನಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಬೆರ್ತಾಮ್ ಕಣಿವೆಯಲ್ಲಿ ಮನೆಗಳೂ ಜೀವಗಳೂ ಹೋದವು, ಹಾಗಾಗಿ ಆ ಕಣಿವೆಯನ್ನು ಅಂದಾಜಿನಲ್ಲಿ ಕೊಯ್ಯಲು ಮನಸ್ಸಿಲ್ಲ. ಅಲ್ಲಿಗೆ ಮಾತ್ರ ತೆಳು ರಟ್ಟು ತಂದು 50 ಮೀಟರಿಗೊಂದು ಪದರ ಹಾಕುತ್ತೇನೆ. ಸುರಂಗಕ್ಕೆ ಗೋಣಿ ಹೊಲಿಯುವ ದಬ್ಬಣದಿಂದ ತೂತು ಕೊರೆದು ನೀಲಿ ದಾರ ತೂರಿಸಬೇಕು.