ಡನ್‌ಸ್ಟನ್‌ಬರೋ ಕೋಟೆಗೆ ಹೊರಡುವವರಿಗೆ

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ, ನಾರ್ತಂಬರ್ಲೆಂಡಿನ ಕಡಲ ದಂಡೆಯ ಮೇಲಿರುವ ಡನ್‌ಸ್ಟನ್‌ಬರೋ ಕೋಟೆಯ ಬಾಗಿಲಿನವರೆಗೆ ಪ್ರವಾಸಿಗರ ವಾಹನ ಹೋಗುವುದಿಲ್ಲ. ಕ್ರಾಸ್ಟರ್ ಎಂಬ ಮೀನುಗಾರರ ಊರಿನಲ್ಲಿ, ಹಳೆಯ ಕಲ್ಲುಗಣಿಯ ಜಾಗದಲ್ಲಿರುವ ನಿಲುಗಡೆಯಲ್ಲಿ ಕಾರು ಬಿಟ್ಟು, ಕುರಿಗಳು ಮೇಯುವ ಹುಲ್ಲುಗಾವಲಿನ ಮೇಲೆ ಸುಮಾರು 2 ಕಿಲೋಮೀಟರ್ ನಡೆಯಬೇಕು. ದಾರಿ ಬಹುಮಟ್ಟಿಗೆ ಸಮತಟ್ಟಾಗಿದ್ದು, ಕೊನೆಯಲ್ಲಿ ಮಾತ್ರ ಏರು ಸಿಗುತ್ತದೆ.

ಈ ನಡಿಗೆಯನ್ನು ಅವಸರದಲ್ಲಿ ಮುಗಿಸಬೇಡಿ ಎಂಬುದೇ ನನ್ನ ಮುಖ್ಯ ಸಲಹೆ. ಎರಡನೆಯ ಎಡ್ವರ್ಡ್ ದೊರೆಯ ದಾಯಾದಿಯೂ ಕಡುವಿರೋಧಿಯೂ ಆಗಿದ್ದ ಲ್ಯಾಂಕಾಸ್ಟರಿನ ಅರ್ಲ್ ಥಾಮಸ್ 1313ರಲ್ಲಿ ಆರಂಭಿಸಿದ ಈ ಕೋಟೆ, ದೂರದಿಂದ ನೋಡಿದವರು ಬೆರಗಾಗಲೆಂದೇ ರೂಪುಗೊಂಡಂತಿದೆ. ಇಂದು ಜೌಗಾಗಿರುವ ತಗ್ಗುಗಳಲ್ಲಿ ಆಗ ಕೃತಕ ಕೆರೆಗಳಿದ್ದವು. ಆ ನೀರಿನಾಚೆ ಜೋಡಿ ಗೋಪುರಗಳ ಹೆಬ್ಬಾಗಿಲು ಎದ್ದು ನಿಂತಿರುತ್ತಿದ್ದುದನ್ನು ಊಹಿಸಿಕೊಳ್ಳುತ್ತ ನಡೆದರೆ, ಪಾಳುಬಿದ್ದ ಗೋಡೆಗಳೂ ಅರ್ಥವಾಗತೊಡಗುತ್ತವೆ. ಥಾಮಸನಿಗೆ ಈ ವೈಭವ ದಕ್ಕಲಿಲ್ಲ. ದೊರೆಯ ಪಡೆಯೆದುರು ಬರೋಬ್ರಿಜ್ ಕದನದಲ್ಲಿ ಸೋತು ಸೆರೆಸಿಕ್ಕ ಅವನ ತಲೆಯನ್ನು 1322ರಲ್ಲಿ ಕಡಿಯಲಾಯಿತು.

ಒಳಗೆ ಸುಸಜ್ಜಿತ ಕೋಣೆಗಳಾಗಲಿ ವಸ್ತುಸಂಗ್ರಹಾಲಯವಾಗಲಿ ಇಲ್ಲ. ಕೋಟೆಯ ಆವರಣ ಬಹುಪಾಲು ಬಯಲೇ. ಆದ್ದರಿಂದ ಸಮಯವನ್ನು ಹೆಬ್ಬಾಗಿಲಿಗೇ ಮೀಸಲಿಡುವುದು ಲೇಸು. 1380ರ ದಶಕದಲ್ಲಿ ಆಗ ಕೋಟೆಯ ಒಡೆಯನಾಗಿದ್ದ ಲ್ಯಾಂಕಾಸ್ಟರಿನ ಡ್ಯೂಕ್ ಜಾನ್ ಆಫ್ ಗಾಂಟ್ ಇದರ ನಡುವಿನ ಹಾದಿಯನ್ನು ಮುಚ್ಚಿಸಿ, ಕಟ್ಟಡವನ್ನೇ ಕೋಟೆಯ ಮುಖ್ಯ ಭದ್ರ ಗೋಪುರವಾಗಿ ಮಾರ್ಪಡಿಸಿ, ಪಕ್ಕದಲ್ಲಿ ಬೇರೆ ಬಾಗಿಲು ಕಟ್ಟಿಸಿದ್ದನು. ಕಿರಿದಾದ ಸುರುಳಿ ಮೆಟ್ಟಿಲುಗಳನ್ನು ಹತ್ತುವಾಗ ಎಚ್ಚರಿಕೆ ಬೇಕು. ಬಳಿಕ ಉತ್ತರದ ಕಡೆಯ ಲಿಲ್‌ಬರ್ನ್ ಗೋಪುರದತ್ತ ಹೋಗಿ. ಗೋಪುರಗಳ ಮರಳುಗಲ್ಲಿಗೂ ಬುಡದಲ್ಲಿರುವ ಡಾಲರೈಟ್ ಎಂಬ ಕಪ್ಪು ಅಗ್ನಿಶಿಲೆಯ ಬಂಡೆಗೂ ಇರುವ ವ್ಯತ್ಯಾಸ ಅಲ್ಲಿ ಕಣ್ಣಿಗೆ ರಾಚುತ್ತದೆ. ಬೇಸಿಗೆಯ ಆರಂಭದಲ್ಲಿ ಆ ಬಂಡೆಯ ಸಣ್ಣಪುಟ್ಟ ಚಾಚುಗಳಲ್ಲಿ ಕಿಟ್ಟಿವೇಕ್ ಎಂಬ ಕಡಲಹಕ್ಕಿಗಳು ಗೂಡು ಕಟ್ಟಿರುತ್ತವೆ. ಅವುಗಳ ಕೂಗು ಅಲೆಗಳ ಸದ್ದನ್ನೂ ಮೀರಿ ಕೇಳುತ್ತದೆ. ಮಕ್ಕಳಿದ್ದರೆ ಅಂಚಿನ ಬಳಿ ಕೈ ಬಿಡಬೇಡಿ.

ಕೋಟೆಯ ಒಡೆತನ ಚಾರಿತ್ರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟಿನದು, ಉಸ್ತುವಾರಿ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯದು. ಎರಡರಲ್ಲಿ ಯಾವುದರ ಸದಸ್ಯತ್ವವಿದ್ದರೂ ಪ್ರವೇಶ ಉಚಿತ. ಚಳಿಗಾಲದಲ್ಲಿ ತೆರೆದಿರುವ ದಿನಗಳು ಕಡಿಮೆಯಾದ್ದರಿಂದ ಮೊದಲೇ ವಿಚಾರಿಸಿಕೊಳ್ಳಿ. ಬಿಸಿಲಿದ್ದರೂ ಗಾಳಿ ತಡೆಯುವ ಅಂಗಿ ಅಗತ್ಯ. ಶೌಚಾಲಯದ ಕೆಲಸವನ್ನು ಕ್ರಾಸ್ಟರಿನಲ್ಲಿಯೇ ಮುಗಿಸಿಕೊಂಡು, ಕುಡಿಯುವ ನೀರನ್ನೂ ಅಲ್ಲಿಂದಲೇ ಒಯ್ಯಿರಿ.

ಕಾಲಿಗೆ ಕಸುವಿದ್ದರೆ ಬಂದ ದಾರಿಯಲ್ಲೇ ಮರಳದೆ, ಉತ್ತರಕ್ಕೆ ಎಂಬಲ್ಟನ್ ಕೊಲ್ಲಿಯ ಮರಳದಂಡೆಯವರೆಗೂ ಸಾಗಿ. ಕೋಟೆ ದಾಟಿದೊಡನೆ, ಮಡಿಕೆಬಿದ್ದು ಬಾಗಿದ ಸುಣ್ಣಕಲ್ಲಿನ ಪದರಗಳ ಬಂಡೆಯೊಂದು ನೀರಿನಂಚಿನಲ್ಲಿ ಕಾಣುತ್ತದೆ. ಅದರ ಸುತ್ತಲಿನ ಗುಂಡುಕಲ್ಲುಗಳು ಬಹಳ ಜಾರುವುದರಿಂದ ಮೇಲಿನ ಕಾಲುದಾರಿಯಿಂದಲೇ ನೋಡುವುದು ಕ್ಷೇಮ. ಬಸ್ಸಿನಲ್ಲಿ ಬಂದವರು ಮರಳುವ ಬಸ್ಸಿನ ವೇಳೆಯನ್ನು ನಡಿಗೆ ಶುರುಮಾಡುವ ಮುನ್ನವೇ ಬರೆದಿಟ್ಟುಕೊಂಡು, ಅರ್ಧ ದಿನವನ್ನಾದರೂ ಬಿಡುವು ಮಾಡಿಕೊಂಡಿರಬೇಕು.