ಒಂಬತ್ತು ಸೋಲುಗಳ ವರ್ಷ

ನಮ್ಮ ಗುರುಗಳು ತೀರಿಕೊಂಡ ಸುದ್ದಿ ಕಳೆದ ತಿಂಗಳು ಬಂದಾಗ, ಅವರು ಅಷ್ಟು ಶ್ರದ್ಧೆಯಿಂದ ಕಲಿಸಿದ ಕಂಪನಶಾಸ್ತ್ರದ ಒಂದು ಸಮೀಕರಣವೂ ನನ್ನ ಮನಸ್ಸಿಗೆ ಬರಲಿಲ್ಲ. ಬಂದದ್ದು 2007ರ ಚಳಿ, ಅಮೆರಿಕದ ಇಂಡಿಯಾನಾದ ನೋಟರ್ ಡೇಮ್ ವಿಶ್ವವಿದ್ಯಾಲಯದ ಕ್ರೀಡಾಂಗಣ, ಅಲ್ಲಿ ನನ್ನ ಪಕ್ಕದಲ್ಲಿ ಎದ್ದು ನಿಂತಿದ್ದ ಆ ಎತ್ತರದ ಮನುಷ್ಯ.

ಅಲ್ಲಿ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ತೋಳಿನಲ್ಲಿ ಅವುಚಿಕೊಂಡು ನುಗ್ಗುವ ಆಟ. ಬಹುತೇಕ ದೊಡ್ಡ ಕಾಲೇಜುಗಳು ಯಾವುದಾದರೊಂದು ಕಾನ್ಫರೆನ್ಸಿಗೆ, ಅಂದರೆ ಕಾಲೇಜು ತಂಡಗಳ ಕೂಟಕ್ಕೆ, ಸೇರಿ ಅದರ ಪ್ರಶಸ್ತಿಗಾಗಿ ಆಡುತ್ತವೆ. ನೋಟರ್ ಡೇಮ್ ಮಾತ್ರ ಫುಟ್‌ಬಾಲಿನಲ್ಲಿ ಎಲ್ಲಿಯೂ ಸೇರದೆ, ಎದುರಾಳಿಗಳನ್ನು ತಾನೇ ಗೊತ್ತುಮಾಡಿಕೊಂಡು ಸ್ವತಂತ್ರವಾಗಿ ಆಡುವುದನ್ನು ಹೆಮ್ಮೆಯೆಂದು ಭಾವಿಸಿದ ಸಂಸ್ಥೆ. ಸೋಲುವ ವರ್ಷದಲ್ಲಿ ಆ ಸ್ವಾತಂತ್ರ್ಯ ಬಹಳ ಒಂಟಿಯಾದದ್ದು. ಆ ವರ್ಷ ಮೊದಲ ಐದು ಪಂದ್ಯಗಳನ್ನೂ ಸೋತೆವು. ಅವುಗಳ ಪೈಕಿ ಮೊದಲ ಮೂರರಲ್ಲಿ ನಮ್ಮ ಆಕ್ರಮಣ ಪಡೆಗೆ ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆಯಾಚೆ ಒಯ್ದು ಅಂಕ ಗಳಿಸುವುದು) ಕೂಡ ದಕ್ಕಲಿಲ್ಲ. ಮಿಷಿಗನ್ ಎದುರು 38–0, ಆಮೇಲೆ ಯುಎಸ್‌ಸಿ (ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಎದುರೂ 38–0. ಕೊನೆಗೆ ಉಳಿದದ್ದು 3 ಗೆಲುವು, 9 ಸೋಲು.

ನವೆಂಬರ್ 3ರಂದು, ತಮ್ಮ ಬಳಿಯಿದ್ದ ಇನ್ನೊಂದು ಟಿಕೆಟನ್ನು ಕೊಟ್ಟು ಗುರುಗಳು ನನ್ನನ್ನು ನೇವಿ ಪಂದ್ಯಕ್ಕೆ ಕರೆದೊಯ್ದರು. ಅಮೆರಿಕದ ನೌಕಾ ಅಕಾಡೆಮಿಯ ಆ ತಂಡವೂ ಆಗ ನಮ್ಮಂತೆ ಸ್ವತಂತ್ರ ತಂಡವಾಗಿತ್ತು. 1963ರ ನಂತರ ನಮ್ಮನ್ನು ಸೋಲಿಸದೆ, ಸತತ 43 ಪಂದ್ಯಗಳನ್ನು ಕಳೆದುಕೊಂಡಿತ್ತು. ಇಷ್ಟು ಸೋತವರನ್ನು ಪ್ರತಿವರ್ಷವೂ ಏಕೆ ಕರೆಯಬೇಕೆಂದು ಕೇಳಿದೆ. ಎರಡನೆಯ ಮಹಾಯುದ್ಧದಲ್ಲಿ ವಿದ್ಯಾರ್ಥಿಗಳಿಲ್ಲದೆ ವಿಶ್ವವಿದ್ಯಾಲಯ ಸೊರಗಿದ್ದಾಗ, ನೌಕಾಪಡೆ ತನ್ನ ಅಧಿಕಾರಿಗಳ ತರಬೇತಿಯನ್ನು ಇಲ್ಲಿಯೇ ನಡೆಸಿ ಇದನ್ನು ಉಳಿಸಿತೆಂದು ಅವರು ವಿವರಿಸಿ, "ಋಣವಿದೆ, ಕರೆಯುತ್ತೇವೆ" ಎಂದರು. ಅಂದು ಮೂರು ಹೆಚ್ಚುವರಿ ಅವಧಿಗಳವರೆಗೆ ಹೋದ ಪಂದ್ಯವನ್ನು 46–44ರಿಂದ ನೇವಿ ಗೆದ್ದಿತು. ನಾನು ತಲೆ ತಗ್ಗಿಸಿ ಕುಳಿತಿದ್ದೆ. ಅವರು ಎದ್ದು ನಿಂತು ನೇವಿ ಹುಡುಗರಿಗೆ ಚಪ್ಪಾಳೆ ತಟ್ಟುತ್ತಿದ್ದರು.

ಎರಡು ವಾರದ ನಂತರ ಡ್ಯೂಕ್ ವಿರುದ್ಧ ತವರಿನ ಕೊನೆಯ ಪಂದ್ಯ. ಆ ದಿನ ಅಂತಿಮ ವರ್ಷದವರು ಹತ್ತಿಯಂಥ ಮೆತ್ತನೆಯ ಸಿಹಿತಿನಿಸಾದ ಮಾರ್ಷ್‌ಮೆಲೋ ಎಸೆದಾಡುವುದು ಅಲ್ಲಿಯ ಹಳೆಯ ಹುಡುಗಾಟ. ಅದಕ್ಕೆ ನಿಷೇಧವೂ ಇತ್ತು. ಅಮ್ಮ ಹೆಣೆದು ಕೊಟ್ಟ ಸ್ವೆಟರಿನೊಳಗೆ ಎರಡು ಪೊಟ್ಟಣಗಳನ್ನು ಅಡಗಿಸಿ ಒಳಗೆ ಸಾಗಿಸಿದವನು ನಾನು. 28–7ರಿಂದ ಗೆದ್ದೆವು. ಸೋಮವಾರ ಪ್ರಯೋಗಾಲಯದಲ್ಲಿ ಗುರುಗಳು ನನ್ನ ಕೋಟಿನ ಟೋಪಿಯೊಳಗಿನಿಂದ ಒಂದು ಮಾರ್ಷ್‌ಮೆಲೋವನ್ನು ಮೆಲ್ಲನೆ ಹೊರತೆಗೆದು, ಏನೂ ಹೇಳದೆ, ನನ್ನ ಟಿಪ್ಪಣಿ ಪುಸ್ತಕದ ಮೇಲೆ ಇಟ್ಟು ಹೋದರು.

ಇಂದು ಸೇತುವೆಗಳನ್ನು ವಿನ್ಯಾಸಗೊಳಿಸುವ ದೊಡ್ಡದೊಂದು ತಂಡವನ್ನು ನಾನು ಮುನ್ನಡೆಸುತ್ತಿದ್ದೇನೆ. ಪರೀಕ್ಷೆಯಲ್ಲಿ ವಿಫಲವಾದ ವಿನ್ಯಾಸವನ್ನು ಕಿರಿಯರ ಮುಂದೆ ಬಿಚ್ಚಿಟ್ಟು ಮಾತನಾಡುವ ಧೈರ್ಯ ನನಗೆ ಬಂದದ್ದು ಆ ಋತುವಿನಿಂದಲೇ ಎಂದು ನಂಬಿದ್ದೇನೆ. ಆದರೆ ನನ್ನ ಮಕ್ಕಳ ಕಾಲದ ಶಾಲೆಗಳಲ್ಲಿ ಸೋತ ತಂಡದ ಚಿತ್ರ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಗುವುದೇ ಇಲ್ಲ, ರ‍್ಯಾಂಕ್ ಬಂದವರ ಮುಖಗಳೇ ಪುಟ ತುಂಬಿರುತ್ತವೆ. ಇದು ನನಗೆ ನೋವಿನ ಸಂಗತಿ.

ನಾನು ಅಲ್ಲಿಂದ ಹೊರಟ ಮೇಲೂ, ಪ್ರತಿ ನೇವಿ ಪಂದ್ಯದ ಮರುದಿನ ಅಂಕಗಳನ್ನಷ್ಟೇ ಬರೆದ ಒಂದು ಸಾಲಿನ ಇ-ಮೇಲ್ ಗುರುಗಳಿಂದ ಬರುತ್ತಿತ್ತು. ಈ ಸಲದ ಅಂಕಗಳನ್ನು ನಾನೇ ನೋಡಿ, ಅವರ ಮಗಳಿಗೆ ಬರೆಯುತ್ತೇನೆ.