ಮೊದಲು ತಪ್ಪನ್ನು ಓದಿ, ಆಮೇಲೆ ತಿದ್ದಿ

ಬೆಳಗಾವಿಯಲ್ಲಿ ಮರಾಠಿ ಮನೆಮಾತಿನ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಈಗ ಹಾಗೆ ಕಲಿಸುವ ಶಿಕ್ಷಕರಿಗೆ ತರಬೇತಿ ಕೊಡುತ್ತೇನೆ. ಹೊಸಬರು ಬಂದ ಕೂಡಲೇ ಅವರ ಕೈಯಿಂದ ಕೆಂಪು ಪೆನ್ನು ತೆಗೆದಿಡಿಸುವುದೇ ನನ್ನ ಮೊದಲ ಕೆಲಸ.

ಖಾನಾಪುರ ಕಡೆಯ ಹುಡುಗನೊಬ್ಬನ ನೋಟ್‌ಬುಕ್ಕಿನಲ್ಲಿ ‘ಬಸ್ಸು ಬಂದಳು’, ‘ಚಹಾ ಆರಿದನು’ ಎಂದಿತ್ತು. ಅದೇ ಪುಟದಲ್ಲಿ ‘ಪುಸ್ತಕ ಬಿತ್ತು’ ಸರಿಯಾಗಿತ್ತು. ‘ಲಕ್ಷ್ಯ ಇಲ್ಲ ಮೇಡಂ ಇವನಿಗೆ’ ಎಂದರು ಅವನ ಶಿಕ್ಷಕರು. ಲಕ್ಷ್ಯ ಜಾಸ್ತಿಯೇ ಇದೆ! ಮರಾಠಿಯಲ್ಲಿ ಬಸ್ಸು ಸ್ತ್ರೀಲಿಂಗ, ಚಹಾ ಪುಲ್ಲಿಂಗ, ಪುಸ್ತಕ ನಪುಂಸಕಲಿಂಗ. ಹುಡುಗ ಮೂರನ್ನೂ ಲೆಕ್ಕ ಹಾಕಿಯೇ ಬರೆದಿದ್ದಾನೆ. ನಾವೇನು ಕಮ್ಮಿ? ಹಿಂದಿ ಮಾತಾಡುವಾಗ ‘ಬಸ್ ಆಯೀ’ ಅನ್ನಬೇಕಾದಲ್ಲಿ ‘ಬಸ್ ಆಯಾ’ ಅಂತೀವಿ, ಅಲ್ವಾ?

‘ಅಣ್ಣ ತರಿದನು’, ‘ಅವ್ವ ಕೊಡಿದಳು’ ಬೇರೆ ಥರದವು. ಇಲ್ಲಿ ಮರಾಠಿಯನ್ನು ದೂರಬೇಡಿ. ಮಾಡಿದನು, ಓಡಿದಳು ಕೇಳಿ ಕೇಳಿ ಮಗು ತಾನೇ ಕಟ್ಟಿಕೊಂಡ ನಿಯಮ ಇದು.

ಕಲಿಯುವವರ ತಪ್ಪುಗಳಿಗೂ ಒಂದು ಕ್ರಮವಿದೆ, ಅವರು ಎಲ್ಲಿಯವರೆಗೆ ಕಲಿತಿದ್ದಾರೆಂದು ಅವೇ ತೋರಿಸುತ್ತವೆ ಎಂದು ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ಬರೆದರು. ಬಾಯ್ತಪ್ಪು, ಕೈತಪ್ಪುಗಳನ್ನು ಅವರು ಬೇರೆ ಇಟ್ಟರು. ನಾನು ಮಾಡುವುದು ಇಷ್ಟೇ: ವಾಕ್ಯವನ್ನು ಮಗುವಿನಿಂದಲೇ ಜೋರಾಗಿ ಓದಿಸುತ್ತೇನೆ. ತಾನೇ ತಿದ್ದಿಕೊಂಡರೆ ಅದು ಬರೀ ಕೈತಪ್ಪು, ಅದರ ಗೊಡವೆಗೆ ಹೋಗುವುದಿಲ್ಲ.

ಉಳಿದವಕ್ಕೆ ಒಂದೇ ಮದ್ದು ಸಾಲದು. ಬಸ್ಸು–ಚಹಾ ತೊಡಕಿಗೆ ‘ವಸ್ತು ಯಾವುದೇ ಇರಲಿ, ಕನ್ನಡದಲ್ಲಿ ಅದು’ ಎಂದು ಬಾಯಿಬಿಟ್ಟು ಹೇಳಿಬಿಡಿ. ತಂದ, ಕೊಟ್ಟಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದರೆ ಪರೀಕ್ಷೆಯವರೆಗೆ ನಿಲ್ಲುತ್ತವೆ, ಅಷ್ಟೇ. ಅವನ್ನು ಬಳಸಲೇಬೇಕಾದ ಕೆಲಸ ಕೊಡಬೇಕು. ಭಾಷಾಬೋಧನೆಯ ತಜ್ಞ ಎನ್.ಎಸ್. ಪ್ರಭು 1979ರಲ್ಲಿ ಶುರುಮಾಡಿದ ಬೆಂಗಳೂರು ಪ್ರಾಜೆಕ್ಟಿನಲ್ಲಿ ಇಂಗ್ಲಿಷನ್ನು ಹೀಗೇ ಕಲಿಸಿದರು. ರೈಲಿನ ವೇಳಾಪಟ್ಟಿ ನೋಡಿ ಲೆಕ್ಕ ಬಿಡಿಸುವಂಥ ಕೆಲಸಗಳು, ವ್ಯಾಕರಣದ ಪಾಠವಿಲ್ಲ. ನನ್ನ ತರಗತಿಯಲ್ಲಿ ಅದು ಸಂತೆಯ ಲೆಕ್ಕ: ಯಾರು ಏನು ತಂದರು, ಎಷ್ಟು ಕೊಟ್ಟರು, ಯಾರ ಹತ್ತಿರ ಎಷ್ಟು ಉಳಿಯಿತು? ಚಿಲ್ಲರೆಗಾಗಿ ಜಗಳ ಶುರುವಾದ ಮೇಲೆ ‘ತಂದ’, ‘ಕೊಟ್ಟ’ ಎಷ್ಟು ಸಲ ಬರುತ್ತವೋ ಎಣಿಸಲಾಗದು. ವ್ಯಾಕರಣವನ್ನು ಪೂರ್ತಿ ಬದಿಗಿಡುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಒಂದು ಸಾಲಿನಲ್ಲಿ ಮುಗಿಯುವುದಕ್ಕೆ ಮಕ್ಕಳನ್ನು ಸುಮ್ನೆ ಯಾಕೆ ಅಲೆದಾಡಿಸಬೇಕು?

‘ಅಕ್ಕೋರೇ, ತಿದ್ದೇ ಇಲ್ಲಲ್ರೀ’ ಎಂದು ಪಾಲಕರು ಕೇಳುತ್ತಾರೆ. ಈ ವಾರ ಬಂದಳು–ಬಂದಿತು ಮಾತ್ರ ತಿದ್ದುತ್ತೇವೆ, ಉಳಿದವು ಮುಂದಿನ ವಾರ ಎಂದು ಪುಟದ ಕೆಳಗೇ ಬರೆದುಬಿಡಿ. ಹಾಗೆ ಬರೆದಲ್ಲಿ ಯಾರೂ ಮತ್ತೆ ಕೇಳಿಲ್ಲ.